ಗಂಜಿ ಕುಡಿದ ನೂಲು

ಬನ್ನಿ, ಈ ದುಪ್ಪಟಿಯ ಮೇಲೆ ಕೈಯಾಡಿಸಿ.
ಕಣ್ಣು ಮುಚ್ಚಿ. ಹಾಂ, ಹಾಗೆ.
ಬೆರಳಿಗೆ ತೊಡರುತ್ತವಲ್ಲ, ಅವು ಗಂಟು.
ಎಣಿಸಹೋಗಬೇಡಿ, ನಾನೇ ಸೋತಿದ್ದೇನೆ.

ಈಶ್ವರ ಸಂವತ್ಸರ. ನನಗೆ ಒಂಬತ್ತು, ತಮ್ಮ ಸೂರನಿಗೆ ನಾಲ್ಕು.
ಬಳೇಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ.
ಓಣಿಗೆ ಓಣಿಯೇ ಲಟಕ್ ಪಟಕ್ ಎನ್ನುತ್ತಿತ್ತು,
ಮಗ್ಗದ ಸದ್ದು ನಿಂತರೆ ಕೂಸುಗಳಿಗೆ ಎಚ್ಚರವಾಗುತ್ತಿತ್ತು.
ಆ ವರ್ಷ ಎಲ್ಲರಿಗೂ ಎಚ್ಚರ.

ಹಿಂದಿನ ವರ್ಷ ಮಳೆ ಬರಲಿಲ್ಲ,
ಈ ವರ್ಷ ಬಂದಂತೆ ಮಾಡಿ ಹೋಯಿತು.
ಧರ್ಮಾಂಬುಧಿ ಕೆರೆಯ ನೆಲ ಹಪ್ಪಳದಂತೆ ಎದ್ದಿತ್ತು.
ಹಪ್ಪಳ ಎಂದೆನಲ್ಲ, ಆಗ ಕಂಡದ್ದೆಲ್ಲ ತಿನ್ನುವ ಪದಾರ್ಥವೇ:
ಗೋಡೆಯ ಬೆರಣಿ ರೊಟ್ಟಿ, ಚಂದ್ರ ಒಂದು ಕಡೆ ಹರಿದ ದೋಸೆ.
ತರಗುಪೇಟೆಯಲ್ಲಿ ರಾಗಿ ಮೂಟೆ ಕಾಯುವ ಪೇದೆ
ಪೊರಕೆ ಹಿಡಿದ ಮಕ್ಕಳನ್ನು ಅಟ್ಟುತ್ತಿದ್ದ,
ಒಂದೊಂದು ಸಲ ಬೇರೆ ಕಡೆ ನೋಡುತ್ತಿದ್ದ.

ಬಟ್ಟೆ ಕೊಳ್ಳುವವರಿಲ್ಲ. ಮಗ್ಗ ಮಲಗಿತು.
ಮೈಸೂರಿನ ರೈಲುದಾರಿಗೆ ಮಣ್ಣು ಹೊರಲು ಅಪ್ಪ ಹೊರಟ,
ಲಾಳಿಯ ಕೈ, ಗುದ್ದಲಿಯ ಹಿಡಿ.
ಹಾಸು ಮಾತ್ರ ಮಗ್ಗದ ಮೇಲೆ ಹಾಗೇ ಇತ್ತು,
ಬಿಳೀ ಹಾಸು, ಒಂದು ಸೀರೆಗಾಗುವಷ್ಟು.

ಮೊದಲು ನೂಲು ಉಣ್ಣಲಿ, ಆಮೇಲೆ ನಾವು
ಎನ್ನುತ್ತಿದ್ದಳು ನಮ್ಮಜ್ಜಿ.
ಗಂಜಿ ಕುಡಿಯದ ಎಳೆ ಲಾಳಿಯ ಏಟಿಗೆ ನಿಲ್ಲುವುದಿಲ್ಲ.
ಒಂದು ರಾತ್ರಿ, ದೀಪವಿಲ್ಲ, ಅವ್ವ
ಹಾಸನ್ನು ಮಗ್ಗದಿಂದ ಬಿಚ್ಚಿ
ಬಿಸಿನೀರಿಗೆ ಇಳಿಸಿದಳು.
ಕಿವುಚಿ ಕಿವುಚಿ ಹಿಂಡಿದಳು.
ನೂಲು ಕುಡಿದದ್ದನ್ನು ನಾವು ಕುಡಿದೆವು.
ರುಚಿಯೇ? ಹತ್ತಿಯ ವಾಸನೆ, ಹಳೇ ಅಕ್ಕಿಯ ಹುಳಿ.
ಸೂರ ಬಾಯಿಂದ ಒಂದೆಳೆ ಎಳೆದು
"ಅಕ್ಕಾ, ಶಾವಿಗೆ!" ಎಂದ.
ಅವ್ವ ನಕ್ಕಳು. ಆ ವರ್ಷ ನಕ್ಕದ್ದು ಅದೊಂದೇ ಸಲ.

ಆಮೇಲೆ ಗಂಜಿಮನೆಯ ಸಾಲು.
ಕೊರಳಿಗೆ ತಗಡಿನ ಬಿಲ್ಲೆ, ಕೈಯಲ್ಲಿ ಕರಟ.
ನನ್ನ ಹಿಂದೆ ಕೆಂಚಿ,
ಮಾಗಡಿ ಕಡೆಯಿಂದ ನಡೆದೇ ಬಂದವಳು,
ಯಾರ ಜೊತೆ ಹೊರಟಳೋ ಅವರ ಮಾತು ಎತ್ತಳು.
ನೆಲದಲ್ಲಿ ಗುಳಿ ತೋಡಿ ಅಳಗುಳಿ ಕಲಿಸಿದಳು.
ಹುಣಿಸೆಬೀಜದ ಬದಲು ಕಲ್ಲು;
ಬೀಜವನ್ನೆಲ್ಲ ಊರು ಹುರಿದು ತಿಂದಿತ್ತು.
ಸೋತರೆ ಅವಳಿಗೆ ಮೂಗಿನ ತುದಿಯಲ್ಲಿ ಕೋಪ.
"ನಾಲ್ಕು ಸಾಲ ಕೊಡೇ ಚೌಡಿ, ನಾಳೆ ತೀರಿಸ್ತೀನಿ."
ಕೊಟ್ಟೆ.
ಮರುದಿನ ನನ್ನ ಹಿಂದೆ ಬೇರೆ ಯಾರೋ ನಿಂತಿದ್ದರು.
ಬಡಿಸುವವ "ಮುಂದೆ ನಡಿ" ಎಂದ.
ನಡೆದೆ.

ಮಹಾನವಮಿಗೆ ಮುಂಚೆ ಮಳೆ ಹಿಡಿಯಿತು.
ಅಪ್ಪ ಬಂದ. ಗುರುತು ಸಿಕ್ಕದ್ದು ಕೆಮ್ಮಿನಿಂದ.
ಪಂಚೆಯ ತುದಿಯಲ್ಲಿ ಒಂದು ಪಾವು ಅಕ್ಕಿ.
ಅವ್ವ ಗಂಜಿ ಕಾಯಿಸಿದಳು,
ನಾನೂ ಸೂರನೂ ಕರಟ ಹಿಡಿದು ಕೂತೆವು.
ಅಪ್ಪ ಮೊದಲ ಸೌಟು ಎತ್ತಿ
ಮೂಲೆಯಲ್ಲಿ ಸಿಕ್ಕುಸಿಕ್ಕಾಗಿ ಬಿದ್ದಿದ್ದ ನೂಲಿಗೆ ಸುರಿದ.
"ಸಾಲ" ಎಂದ, ಅಷ್ಟೇ.
ನಾನು ಅತ್ತೆ. ಸಿಟ್ಟಿಗೆ, ಮಕ್ಕಳೇ, ಹೊಟ್ಟೆಕಿಚ್ಚಿಗೆ.
ನೂಲಿನ ಮೇಲೆ ಹೊಟ್ಟೆಕಿಚ್ಚು ಪಟ್ಟವಳು
ಇಡೀ ಬೆಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು.

ಎರಡು ಸಲ ಉಂಡ ನೂಲು ಮಾತು ಕೇಳಲಿಲ್ಲ.
ಮೊಳಕ್ಕೆ ಹತ್ತು ಕಡೆ ಹರಿಯಿತು.
ಸಣ್ಣ ಬೆರಳೆಂದು ಗಂಟು ಹಾಕುವ ಕೆಲಸ ನನ್ನದು.
ಸೀರೆಯಾಗಬೇಕಿದ್ದದ್ದು ದುಪ್ಪಟಿಯಾಯಿತು,
ಯಾವ ಅಂಗಡಿಯವನೂ ಮುಟ್ಟಲಿಲ್ಲ.
ಸೂರ ಇದನ್ನೇ ಹೊದ್ದು ಬೆಳೆದ.
ಅಗೋ, ನಿಮ್ಮ ತಾತ, ಗೊರಕೆ ಹೊಡೆಯುತ್ತಿದ್ದಾನೆ.

ಈ ಮೂಲೆಯಲ್ಲಿ ನಾಲ್ಕು ಗಂಟು ಒತ್ತಟ್ಟಿಗಿವೆ, ಸಿಕ್ಕವೇ?
ಅಲ್ಲಿ ನೂಲು ಹರಿದಿರಲಿಲ್ಲ.
ಸುಮ್ಮನೆ ಹಾಕಿದೆ,
ಕೆಂಚಿ ಬಂದರೆ ಲೆಕ್ಕ ಇರಲಿ ಎಂದು.